ಗೊಬ್ಬರದಂಗಡಿ ಡೈರಿಯ ಟ್ಯಾಕ್ಸಿ ಲೆಕ್ಕ

"ತಿಂಗಳಿಗೆ ಎಷ್ಟಾಗುತ್ತೆ ಗುರು?"

ಕ್ಯಾಬ್ ಹತ್ತಿ ಹತ್ತು ನಿಮಿಷ ಆಗುವಷ್ಟರಲ್ಲಿ ಬೆಂಗಳೂರಿನವರು ಕೇಳುವ ಪ್ರಶ್ನೆ ಇದು. ಪಕ್ಕದ ಸೀಟಿನಲ್ಲಿ ಕೂತು ಕೆಲಸ ಮಾಡುವವನ ಸಂಬಳ ಕೇಳೋಕೆ ಸಂಕೋಚಪಡುವವರಿಗೂ ಡ್ರೈವರನ್ನು ಕೇಳೋಕೆ ಏನೂ ಅನ್ನಿಸುವುದಿಲ್ಲ. ಅವನೂ ಕನ್ನಡಿಯಲ್ಲಿ ಒಮ್ಮೆ ನೋಡಿ, "ಅರವತ್ತು, ಅರವತ್ತೈದು ಆಯ್ತದೆ ಸಾರ್" ಅನ್ನುತ್ತಾನೆ. ಹಿಂದಿನ ಸೀಟಿನಲ್ಲಿರುವವನು ಮನೆಗೆ ಹೋಗಿ, ಈ ಕ್ಯಾಬಿನವರು ನಮಗಿಂತ ವಾಸಿ ಕಣ್ರೀ ಅಂತ ಹೆಂಡತಿಗೆ ಹೇಳುತ್ತಾನೆ.

ನಮ್ಮ ಚಿಕ್ಕಪ್ಪನೂ ಅರವತ್ತೈದು ಅಂತಲೇ ಹೇಳಿಕೊಂಡು ಬಂದಿದ್ದ. ಆಡಿಟರ್ ಆಫೀಸಿನಲ್ಲಿ ಎಂಟು ವರ್ಷದಿಂದ ಕೆಲಸ ಮಾಡುತ್ತಿರುವ ನಾನೂ ಅದನ್ನು ನಂಬಿಕೊಂಡೇ ಇದ್ದೆ, ಆ ಡೈರಿ ನೋಡುವವರೆಗೆ.

ಕಳೆದ ವರ್ಷ ಐಟಿ ರಿಟರ್ನ್ಸ್ ಸೀಸನ್ನು. ರಾತ್ರಿ ಎಂಟು ಗಂಟೆಗೆ ಚಿಕ್ಕಪ್ಪ ಆಫೀಸಿಗೆ ಬಂದ. (ಅವನು ನನಗಿಂತ ಹನ್ನೊಂದೇ ವರ್ಷ ದೊಡ್ಡವನು, ನನ್ನನ್ನು ಎತ್ತಿ ಆಡಿಸಿದವನು. ಏಕವಚನ ಬಿಟ್ಟು ಮಾತಾಡಿದರೆ ಅವನಿಗೇ ಮುಜುಗರ.) ಎಟಿಯೋಸ್ ಕಾರನ್ನು ಅರ್ಧ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿ, ಕಂಕುಳಲ್ಲಿ ಒಂದು ಡೈರಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಮದ್ದೂರಿನ ಗೊಬ್ಬರದಂಗಡಿಯವರು ವರ್ಷಾವರ್ಷ ಕೊಡುವ ಡೈರಿ. ಪ್ರತಿ ಪುಟದ ತಲೆಯ ಮೇಲೆ ತಿಥಿ, ನಕ್ಷತ್ರ, ರಾಹುಕಾಲ. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಅವನ ದಿನದ ಟ್ರಿಪ್ಪುಗಳು.

"ಹೊಸಾ ಗಾಡಿಗೆ ಲೋನು ಕೇಳ್ದೆ ಮಗಾ. ಐಟಿಆರ್ ತಗಂಡ್ಬಾ ಅಂದ್ರು. ನಂಗೇನ್ ಗೊತ್ತದು. ಎಲ್ಲಾ ಇದ್ರಲ್ಲದೆ, ನೋಡು."

ಅವನ ಕಥೆ ಸ್ವಲ್ಪ ಹೇಳಬೇಕು. 2004ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಊರಿನಿಂದ ಬಂದು ಕಾಲ್ ಸೆಂಟರ್ ಗಾಡಿ ಓಡಿಸೋಕೆ ಸೇರಿದ. ಓನರ್ ಬೇರೆಯವರು, ಇವನಿಗೆ ಸಂಬಳ, ಮೇಲೆ ಬಾಟಾ. ಆಗ ಕ್ವಾಲಿಸ್, ಸುಮೋಗಳ ಕಾಲ. ರಾತ್ರಿಯೆಲ್ಲ ಹುಡುಗ ಹುಡುಗಿಯರನ್ನು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಸಾಗಿಸುವುದು, ಹಗಲು ಗಾಡಿಯಲ್ಲೇ ನಿದ್ದೆ. 2008ರ ಮೇ 24ಕ್ಕೆ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಯವರೆಗೆ ಊರೊಳಗಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಿಬರುತ್ತಿದ್ದ ಪ್ರಯಾಣಿಕರೆಲ್ಲ ಊರಾಚೆಗೆ ಮೂವತ್ತೈದು, ನಲವತ್ತು ಕಿಲೋಮೀಟರ್ ಹೋಗಬೇಕಾಯಿತು. ಬೆಂಗಳೂರಿನ ಟ್ಯಾಕ್ಸಿಯವರ ಬದುಕು ಬದಲಾದದ್ದು ಆ್ಯಪ್‌ಗಳಿಂದ ಅಂತ ಎಲ್ಲರೂ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕೂ ಮುಂಚೆಯೇ ಈ ಒಂದು ರಸ್ತೆಯಿಂದ ಬದಲಾಗಿತ್ತು. ಒಂದು ಏರ್‌ಪೋರ್ಟ್ ಡ್ರಾಪ್ ಸಿಕ್ಕರೆ ದಿನದ ಡೀಸೆಲ್ ಗೆದ್ದ ಹಾಗೆ ಅನ್ನುವ ಮಾತು ಹುಟ್ಟಿದ್ದು ಆಗಲೇ.

ಆಮೇಲೆ ಆ್ಯಪ್‌ಗಳು ಬಂದವು. ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದೇ ಬೆಂಗಳೂರಿನಲ್ಲಿ, 2013ರಲ್ಲಿ. ಓಲಾ ಅಷ್ಟರಲ್ಲಾಗಲೇ ಇತ್ತು. ಇಲ್ಲೇ ಹುಟ್ಟಿದ ಟ್ಯಾಕ್ಸಿಫಾರ್‌ಶೂರ್ ಕೂಡ ಇತ್ತು, 2015ರಲ್ಲಿ ಅದನ್ನು ಓಲಾ ಕೊಂಡುಕೊಂಡಿತು. ಗಿರಾಕಿಗೆ ಕಡಿಮೆ ಬಾಡಿಗೆ, ಡ್ರೈವರಿಗೆ ಜಾಸ್ತಿ ದುಡ್ಡು. ಮಧ್ಯದ ವ್ಯತ್ಯಾಸವನ್ನು ತುಂಬುತ್ತಿದ್ದದ್ದು ಹೂಡಿಕೆದಾರರ ಹಣ. ಚಿಕ್ಕಪ್ಪ 2014ರಲ್ಲಿ ಎಟಿಯೋಸ್ ತೆಗೆದ. ಡೌನ್ ಪೇಮೆಂಟಿಗೆ ನಮ್ಮಪ್ಪ ಕಬ್ಬಿನ ದುಡ್ಡು ಕೊಟ್ಟರು, ಚಿಕ್ಕಮ್ಮನ ಸರ ಬ್ಯಾಂಕಿಗೆ ಹೋಯಿತು. ಬಿಡದಿಯಲ್ಲೇ ತಯಾರಾಗುತ್ತಿದ್ದ ಗಾಡಿ ಅದು. ಊರಿಗೆ ಹೋಗುವಾಗ ಮೈಸೂರು ರಸ್ತೆಯಲ್ಲಿ ಬಿಡದಿ ಬಂದರೆ, "ಇದು ಇವ್ನ ತವರುಮನೆ" ಅಂತ ಸ್ಟೇರಿಂಗ್ ತಟ್ಟುತ್ತಿದ್ದ.

ಆ ಎರಡು ವರ್ಷ ನೆನಪಿದೆ. ಇಷ್ಟು ಟ್ರಿಪ್ ಮುಗಿಸಿದರೆ ಇಷ್ಟು ಇನ್ಸೆಂಟಿವ್ ಅಂತ ಫೋನಿಗೆ ಮೆಸೇಜ್ ಬರುತ್ತಿತ್ತು. ಬಾಡಿಗೆಗಿಂತ ಇನ್ಸೆಂಟಿವ್ವೇ ಜಾಸ್ತಿ ಇದ್ದ ದಿನಗಳೂ ಇದ್ದವು. ಊರ ಹಬ್ಬಕ್ಕೆ ಅರಳಿಕಟ್ಟೆ ಸುತ್ತ ಹಳದಿ ಬೋರ್ಡ್ ಕಾರುಗಳು ಸಾಲಾಗಿ ನಿಂತಿದ್ದವು. ಒಂದು ವರ್ಷ ಎಣಿಸಿದೆ, ಹದಿನಾಲ್ಕು. ಪಿಯುಸಿ ಫೇಲಾದ ಹುಡುಗರು, ಹಸು ಕಟ್ಟಿಕೊಂಡಿದ್ದವರು, ಗಾರ್ಮೆಂಟ್ಸಿಗೆ ಹೋಗುತ್ತಿದ್ದವರು, ಎಲ್ಲರೂ ಡ್ರೈವರ್ ಕಂ ಓನರ್. ಹೆಣ್ಣು ಕೊಡುವವರು "ಗಾಡಿ ಅಟ್ಯಾಚ್ ಆಗಿದೆಯಾ?", ಅಂದರೆ ಆ್ಯಪ್ ಕಂಪನಿಗೆ ಸೇರಿಸಿದ್ದಾನಾ ಅಂತ ವಿಚಾರಿಸುತ್ತಿದ್ದರು.

ಇಷ್ಟೂ ಗಾಡಿ ರಸ್ತೆಗಿಳಿದ ಮೇಲೆ ಇನ್ಸೆಂಟಿವ್ ಇಳಿಯತೊಡಗಿತು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಾಲಕರು ದಿನಗಟ್ಟಲೆ ಗಾಡಿ ನಿಲ್ಲಿಸಿ ಮುಷ್ಕರ ಮಾಡಿದರು. ಚಿಕ್ಕಪ್ಪ ಮೊದಲ ಮೂರು ದಿನ ಹೋದ, ನಾಲ್ಕನೇ ದಿನ ಇಎಂಐ ನೆನಪಾಗಿ ಗಾಡಿ ತೆಗೆದ. ಅದರ ಬಗ್ಗೆ ಇವತ್ತಿಗೂ ಅವನಿಗೆ ನಾಚಿಕೆಯಿದೆ, ಕೇಳಿದರೆ ಮಾತು ಬದಲಾಯಿಸುತ್ತಾನೆ. ಮುಂದಿನ ಎರಡು ಮೂರು ಹಬ್ಬಗಳಲ್ಲಿ ಅರಳಿಕಟ್ಟೆ ಸುತ್ತಲಿನ ಕಾರುಗಳು ಒಂಬತ್ತಾದವು, ಆಮೇಲೆ ಐದು. ಮಿಕ್ಕವು ಸೀಜ್ ಆದವು. ಕಂತು ಮೂರು ತಿಂಗಳು ನಿಂತರೆ ಫೈನಾನ್ಸಿನವರು ಬಂದು ಕೀ ಕೇಳುತ್ತಾರೆ, ಕೊಡದಿದ್ದರೆ ಟ್ರಿಪ್ಪಿನ ಮಧ್ಯೆಯೇ ಅಡ್ಡಗಟ್ಟುತ್ತಾರೆ. ನಮ್ಮೂರಿನ ಒಬ್ಬ ಹುಡುಗನ ಗಾಡಿಯನ್ನು ಹಾಗೆ ಹಿಡಿದಾಗ ಹಿಂದಿನ ಸೀಟಿನಲ್ಲಿ ಬಾಣಂತಿ ಇದ್ದಳಂತೆ. ಅವನೇ ಅವಳಿಗೆ ಆಟೋ ಹಿಡಿದುಕೊಟ್ಟು, ಚೀಲ ಎತ್ತಿಕೊಟ್ಟು, ಆಮೇಲೆ ಕೀ ಕೊಟ್ಟ.

ಕೊರೊನಾ ಕಾಲವನ್ನು ಉದ್ದಕ್ಕೆ ಬರೆಯುವುದಿಲ್ಲ. ರಾಜ್ಯ ಸರ್ಕಾರ 2020ರಲ್ಲಿ 5,000, 2021ರಲ್ಲಿ 3,000 ರೂಪಾಯಿ ಪರಿಹಾರ ಘೋಷಿಸಿತು. ರಿಸರ್ವ್ ಬ್ಯಾಂಕು ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಾಗ ಚಿಕ್ಕಪ್ಪ ಅದನ್ನು ಮನ್ನಾ ಅಂದುಕೊಂಡ. ಬಡ್ಡಿ ಓಡುತ್ತಲೇ ಇತ್ತು, ಕೊನೆಗೆ ಅಷ್ಟು ಕಂತು ಬಾಲದಲ್ಲಿ ಸೇರಿಕೊಂಡಾಗಲೇ ತಿಳಿದದ್ದು. ಅಂತೂ ಸಾಲ ತೀರಿತು. ಈಗ ಗಾಡಿಗೆ ಹನ್ನೊಂದು ವರ್ಷ, ಮೀಟರು ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಇನ್ನೊಂದು ಗಾಡಿ ಬೇಕು, ಸಿಎನ್‌ಜಿಯದು.

ಡೈರಿಗೆ ಬರೋಣ. ಲೆಕ್ಕ ಗೊತ್ತಾಗಲಿ ಅಂತ ಯಾವುದೋ ಒಂದು ಪುಟ ತೆಗೆದೆ. ಜೂನ್ ತಿಂಗಳ ಒಂದು ಗುರುವಾರ. ಹೀಗೆ ಬರೆದಿದ್ದ: "ವಿ.ನಗರ – ಏರ್ಪೋಟು 790. ಏರ್ಪೋಟು – ವೈಟ್‌ಫೀಲ್ಡು 860. ಮಾರ್ತಳ್ಳಿ 170. ಕೋರಮಂಗ್ಲ 240. ಮೆಜೆಸ್ಟಿಕ್ 230. ಯಶ್ವಂತಪುರ 190. ಒಟ್ಟು 2,480. ಡೀಸೆಲ್ 820. ಊಟ 180. ಉಳಿಕೆ 1,480." ಉಳಿಕೆಯ ಕೆಳಗೆ ಎರಡು ಗೆರೆ.

ಸುಂಕದಕಟ್ಟೆಯ ಮನೆಯಿಂದ ಬೆಳಗಿನ ಜಾವ ನಾಲ್ಕೂಕಾಲಿಗೆ ಹೊರಟಿದ್ದ. ವಿಜಯನಗರದಿಂದ ಏರ್‌ಪೋರ್ಟಿಗೆ ಸುಮಾರು 40 ಕಿಲೋಮೀಟರ್. ಆ್ಯಪ್‌ನವರು ತಮ್ಮದು ಹಿಡಿದುಕೊಂಡು ಇವನ ಖಾತೆಗೆ ಹಾಕಿದ್ದು 790. ನನಗೆ ಕೆಟ್ಟ ಕುತೂಹಲ, ಸರ್ಕಾರಿ ದರದಲ್ಲಿ ಎಷ್ಟಾಗಬೇಕಿತ್ತು ಅಂತ ಹಾಕಿ ನೋಡಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಆ್ಯಪ್ ಟ್ಯಾಕ್ಸಿಗೂ ಸಿಟಿ ಟ್ಯಾಕ್ಸಿಗೂ ಒಂದೇ ದರ ಮಾಡಿತು: 10 ಲಕ್ಷದೊಳಗಿನ ಗಾಡಿಯಾದರೆ ಮೊದಲ 4 ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24. ಮಧ್ಯರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇಕಡಾ 10 ಹೆಚ್ಚು. 36 ಇಂಟು 24, ಮೇಲೆ ನೂರು, 964. ರಾತ್ರಿಯದ್ದೂ ಸೇರಿದರೆ 1,060. ಟೋಲ್, ಜಿಎಸ್‌ಟಿ ಬೇರೆ.

"ಇನ್ನೂರೆಪ್ಪತ್ತು ರೂಪಾಯಿ ಕಮ್ಮಿ ಬಂದಿದೆಯಲ್ಲ ಚಿಕ್ಕಪ್ಪ!"

"ಆ ರೇಟು ಪೇಪರ್ನಲ್ಲಿ ಬಂದಿದ್ದು ನೋಡಿದ್ದೀನಿ ಬುಡು" ಅಂದ. ದೇವರ ಪಟದಲ್ಲಿ ಐರಾವತ ನೋಡಿದ್ದೀನಿ ಅನ್ನುವ ಧಾಟಿಯಲ್ಲಿ.

ಏರ್‌ಪೋರ್ಟಿನಲ್ಲಿ ಡ್ರಾಪ್ ಮಾಡಿದ ಮೇಲೆ ಪಾರ್ಕಿಂಗಿನಲ್ಲಿ ಕ್ಯೂ. ಆ ದಿನ ಎರಡು ಗಂಟೆ ಐವತ್ತು ನಿಮಿಷ. ಒಂದು ಸಲ ಅವನ ಜೊತೆ ಹೋಗಿದ್ದಾಗ ನೋಡಿದ್ದೇನೆ. ನೂರಾರು ಕಾರು, ಎಲ್ಲದರ ಸೀಟು ಹಿಂದಕ್ಕೆ ಬಾಗಿದೆ, ಕಿಟಕಿಗೆ ಟವೆಲ್ ಸಿಕ್ಕಿಸಿದೆ, ಕೆಲವು ಬಾಗಿಲಿನಿಂದ ಕಾಲು ಹೊರಗೆ ಚಾಚಿದೆ. ಮೊಬೈಲು ಎದೆಯ ಮೇಲೆ. ನಿದ್ದೆಯಲ್ಲಿದ್ದಾಗ ಟ್ರಿಪ್ ಬಂದು ಎತ್ತಿಕೊಳ್ಳದಿದ್ದರೆ ಕ್ಯೂನಲ್ಲಿ ಹಿಂದೆ ಬೀಳಬೇಕಾಗುತ್ತದೆ, ಅದಕ್ಕೇ ಎದೆಯ ಮೇಲೆ. ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲ ಕಿವಿಗೆ ಬೀಳುತ್ತದೆ, ಆದರೆ ನಂಬರ್ ಪ್ಲೇಟಿನ ಮೇಲೆ "ಹುಚ್ಚಮ್ಮದೇವಿ ಕೃಪೆ" "ಮಾದಪ್ಪನ ಆಶೀರ್ವಾದ" ಕಂಡರೆ ಚಿಕ್ಕಪ್ಪ ಅಲ್ಲೇ ಪಕ್ಕದಲ್ಲಿ ಗಾಡಿ ಹಾಕುತ್ತಾನೆ. ನಮ್ ಕಡೆಯೋರು.

ಮೂರು ಗಂಟೆ ಕಾದವನಿಗೆ ವೈಟ್‌ಫೀಲ್ಡ್ ಬಿದ್ದರೆ ಪುಣ್ಯ. ಕೆಲವೊಮ್ಮೆ ಯಲಹಂಕ ಬೀಳುತ್ತದೆ, ಕೆಲವೊಮ್ಮೆ ಪಕ್ಕದ ಸಾದಹಳ್ಳಿ. ಫೋನು ಮಾಡಿ "ಎಲ್ಲಿಗೆ ಡ್ರಾಪ್ ಸಾರ್?" ಅಂತ ಕೇಳುವ ಆ ಡ್ರೈವರು, ನಾವೆಲ್ಲ ಬೈಯುವ ಆ ಡ್ರೈವರು, ಹೆದರುವುದು ಇದಕ್ಕೆ. "ಕ್ಯಾಶಾ, ಆನ್‌ಲೈನಾ?" ಅನ್ನುವುದಕ್ಕೂ ಕಾರಣ ಉಂಟು: ಆನ್‌ಲೈನ್ ದುಡ್ಡು ಅವನ ಖಾತೆಗೆ ಆಮೇಲೆ ಬರುತ್ತದೆ, ಬಂಕಿನವನಿಗೆ ಈಗಲೇ ಕೊಡಬೇಕು. ಹಾಗಂತ ಎಲ್ಲ ಕ್ಯಾನ್ಸಲ್ಲಿಗೂ ನಾನು ವಕೀಲಿಕೆ ಮಾಡುವುದಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ದಿನ ಮೂವರು ಒಬ್ಬರಾದ ಮೇಲೆ ಒಬ್ಬರು ಕ್ಯಾನ್ಸಲ್ ಮಾಡಿದಾಗ ನನ್ನ ಬಾಯಲ್ಲಿ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಚಿಕ್ಕಪ್ಪನಿಗೆ ಹೇಳಿದರೆ "ಬಡ್ಡಿಮಕ್ಳು" ಅಂದ. ಒಂದು ಕ್ಷಣ ಬಿಟ್ಟು, "ನಾನೂ ಮಾಡಿದ್ದೀನಿ" ಅಂದ.

ಲೆಕ್ಕ ಮುಂದುವರಿಸಿದೆ. ಆ ದಿನ ಮೀಟರಿನಲ್ಲಿ 154 ಕಿಲೋಮೀಟರ್ ಓಡಿತ್ತು, ಗಿರಾಕಿ ಕೂತದ್ದು 120. ಮಿಕ್ಕ 34 ಖಾಲಿ. ಅದಕ್ಕೆ ದುಡ್ಡು ಕೊಡುವವರಿಲ್ಲ, ಡೀಸೆಲ್ಲಿಗೆ ಮಾತ್ರ ಗಿರಾಕಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಎ.ಸಿ. ಹಾಕಿಕೊಂಡು ಲೀಟರಿಗೆ 17 ಕೊಡುವ ಗಾಡಿ, ಡೀಸೆಲ್ 91 ರೂಪಾಯಿ. 820 ಸರಿಯಾಗೇ ಇತ್ತು. ಉಳಿಕೆ 1,480ರ ಹತ್ತಿರ ಬಂದು ಪೆನ್ನು ನಿಲ್ಲಿಸಿದೆ.

"ಇನ್ಶೂರೆನ್ಸ್ ಎಷ್ಟು ಕಟ್ಟಿದೆ ಚಿಕ್ಕಪ್ಪ?"

"ಅದು ವರ್ಷಕ್ಕೊಂದ್ಸಲ ಕಣೋ. ಅದನ್ ಇಲ್ಲಿ ಯಾಕೆ ಬರೀಲಿ?"

ಅಲ್ಲೇ ಇತ್ತು ವಿಷಯ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಅವನು ದುಡಿಮೆಯ ಖರ್ಚು ಅಂತ ನೋಡಿಯೇ ಇರಲಿಲ್ಲ. ಅದು ಮನೆಗೆ ಬಂದ ಕಷ್ಟ, ಜ್ವರ ಬಂದ ಹಾಗೆ. ಒಂದೊಂದಾಗಿ ಕೇಳಿ ಪಕ್ಕದ ಖಾಲಿ ಪುಟದಲ್ಲಿ ಬರೆದೆ. ಹಳದಿ ಬೋರ್ಡಿನ ಇನ್ಶೂರೆನ್ಸ್ 32,000. ಟೈರು ವರ್ಷಕ್ಕೊಂದು ಸೆಟ್ಟು, 19,000. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸ್, ವರ್ಷಕ್ಕೆ ಐದು ಸಲ, 32,500. ಗಾಡಿಗೆ ಎಂಟು ವರ್ಷ ದಾಟಿರುವುದರಿಂದ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟು) ಈಗ ಪ್ರತಿವರ್ಷ ಮಾಡಿಸಬೇಕು. ಟಚಪ್ಪು, ಸ್ಟಿಕರು, ಓಡಾಟ ಎಲ್ಲ ಸೇರಿ 9,000. ಕ್ಲಚ್ ಪ್ಲೇಟು, ಸಸ್ಪೆನ್ಷನ್ನು, ಅದು ಇದು 25,000. ಕೂಡಿದರೆ ಒಂದು ಲಕ್ಷ 17 ಸಾವಿರದ 500. ತಿಂಗಳಿಗೆ 26 ದಿನದ ಹಾಗೆ ವರ್ಷಕ್ಕೆ 312 ದಿನ ಓಡಿಸುತ್ತಾನೆ, ದಿನಕ್ಕೆ 376 ಬಿತ್ತು.

1,480 ಹೋಗಿ 1,104 ಆಯಿತು.

"ಆಯ್ತಲ್ಲ, ಅಷ್ಟು ಬರ್ಕೋ" ಅಂದ ಚಿಕ್ಕಪ್ಪ.

ಇನ್ನೂ ಒಂದು ಇತ್ತು. ಅವನು ಈಗ ಕೇಳುತ್ತಿರುವ ಹೊಸ ಗಾಡಿ ಆನ್ ರೋಡ್ ಒಂಬತ್ತೂವರೆ ಲಕ್ಷ. ಎಂಟು ವರ್ಷ ಓಡಿಸಿ ಮಾರಿದರೆ ಎರಡು ಲಕ್ಷ ಬರಬಹುದು. ಮಧ್ಯದ ಏಳೂವರೆ ಲಕ್ಷ ಎಲ್ಲಿ ಹೋಯಿತು? ಎಂಟು ವರ್ಷದ ಗಿರಾಕಿಗಳು ಕೂತು ಕೂತು ಸವೆಸಿದರು. ನಾವು ಆಫೀಸಿನಲ್ಲಿ ಇದಕ್ಕೆ ಸವಕಳಿ ಅನ್ನುತ್ತೇವೆ, ಕಂಪನಿಗಳ ಲೆಕ್ಕದಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ವರ್ಷಕ್ಕೆ 94 ಸಾವಿರದ ಹತ್ತಿರ, ದಿನಕ್ಕೆ 300. ಬಡ್ಡಿ ನಾನು ಸೇರಿಸಲಿಲ್ಲ, ಅವನ ಮುಖ ನೋಡಿ.

804.

ಮನೆ ಬಿಟ್ಟದ್ದು ನಾಲ್ಕೂಕಾಲು, ಸೇರಿದ್ದು ಸಂಜೆ ಏಳೂವರೆ. ಹದಿನೈದೂಕಾಲು ಗಂಟೆ. ಗಂಟೆಗೆ 53 ರೂಪಾಯಿ.

ತಿಂಗಳ ಕಲೆಕ್ಷನ್ ಅರವತ್ತನಾಲ್ಕೂವರೆ ಸಾವಿರ ಅನ್ನುವುದು ಸುಳ್ಳಲ್ಲ. ಅವನು ಯಾವ ಗಿರಾಕಿಗೂ ಸುಳ್ಳು ಹೇಳಿಲ್ಲ. ಗಾಡಿ ತನ್ನ ಪಾಲು ತೆಗೆದುಕೊಂಡ ಮೇಲೆ ಅವನಿಗೆ ಉಳಿದದ್ದು ಇಪ್ಪತ್ತೊಂದು ಸಾವಿರ. ಒಂದು ಗುರುವಾರ ಹಿಡಿದು ವರ್ಷಕ್ಕೆ ಹಾಕಿದ ಲೆಕ್ಕ ಇದು, ಔಟ್‌ಸ್ಟೇಷನ್ ಡ್ಯೂಟಿ ಸಿಕ್ಕ ತಿಂಗಳು ಸ್ವಲ್ಪ ಮೇಲಾಗುತ್ತದೆ, ಗಾಡಿ ಗ್ಯಾರೇಜಿನಲ್ಲಿ ನಿಂತ ತಿಂಗಳು ಕೆಳಗಾಗುತ್ತದೆ. ತಮಾಷೆಯೆಂದರೆ, ಇಂಥ ಸಣ್ಣ ವ್ಯವಹಾರಗಳಿಗೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಪ್ರಕಾರ ಒಟ್ಟು ವಹಿವಾಟಿನ ಶೇಕಡಾ 8, ಆನ್‌ಲೈನ್ ಬಂದದ್ದಕ್ಕೆ ಶೇಕಡಾ 6 ಲಾಭ ಅಂತ ತೋರಿಸಿದರೂ ನಡೆಯುತ್ತಿತ್ತು, ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚು ತೋರಿಸಬೇಕಿತ್ತು. ನಮ್ಮಲ್ಲಿಗೆ ಬರುವ ಬಹುತೇಕ ಮಂದಿ ಆದಾಯ ಕಮ್ಮಿ ತೋರಿಸಿ ಅನ್ನುತ್ತಾರೆ. ಸಾಲಕ್ಕೆ ಬಂದ ಡ್ರೈವರುಗಳಷ್ಟೇ ಜಾಸ್ತಿ ತೋರಿಸಿ ಅನ್ನುವವರು.

ಆದಾಯದ ಮಾತು ಹೀಗಾದರೆ ಮೈಯ ಮಾತು ಬೇರೆ. ಚಿಕ್ಕಪ್ಪನಿಗೆ ಎರಡು ಸಲ ಕಿಡ್ನಿ ಸ್ಟೋನ್ ಆಗಿದೆ. ಏರ್‌ಪೋರ್ಟ್ ಟ್ರಿಪ್ ಇದ್ದ ದಿನ ಅವನು ನೀರು ಕುಡಿಯುವುದಿಲ್ಲ, ಗಿರಾಕಿಯನ್ನು ಕೂರಿಸಿಕೊಂಡು ಎಲ್ಲಿ ನಿಲ್ಲಿಸುವುದು? ನಗರದೊಳಗೆ ಪೆಟ್ರೋಲ್ ಬಂಕೇ ಗತಿ. ಬೆನ್ನಿಗೆ ಮಣಿಗಳ ಸೀಟ್ ಕವರು, ಸೊಂಟಕ್ಕೆ ಬೆಲ್ಟು. ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಇರಬಾರದು, ಆಮೇಲೆ 10 ಗಂಟೆ ಬಿಡುವು ಅಂತ ಕೇಂದ್ರದ 2020ರ ಮಾರ್ಗಸೂಚಿ ಹೇಳಿತ್ತು. ಅದನ್ನು ಓದಿ ಹೇಳಿದೆ. ಅವನು ಡ್ಯಾಶ್‌ಬೋರ್ಡಿನ ಮೇಲಿಡುವ ಎರಡು ಫೋನನ್ನೂ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ, ಒಂದರಲ್ಲಿ ಎರಡು ಆ್ಯಪು, ಇನ್ನೊಂದರಲ್ಲಿ ಒಂದು. "ಯಾವ್ದುರ್ದು ಹನ್ನೆರಡು?"

ಈಚೆಗೆ ಬಂದ ಬದಲಾವಣೆಗಳನ್ನು ಅವನು ತಳ್ಳಿಹಾಕುವುದಿಲ್ಲ. 2022ರ ಕೊನೆಗೆ ಆಟೋಗಳಿಗೆ ಶುರುವಾದ ನಮ್ಮ ಯಾತ್ರಿ 2024ರಲ್ಲಿ ಕ್ಯಾಬಿಗೂ ಬಂತು. ಅದರಲ್ಲಿ ಟ್ರಿಪ್ಪಿಗಿಷ್ಟು ಕಮಿಷನ್ ಅಂತಿಲ್ಲ, ಚಾಲಕರು ಕಟ್ಟುವುದು ಸಣ್ಣ ಚಂದಾ. ಬೇರೆಯವರೂ ಒಬ್ಬೊಬ್ಬರಾಗಿ ಆ ದಾರಿ ಹಿಡಿಯುತ್ತಿದ್ದಾರೆ. "ಕಮಿಷನ್ ಇಲ್ದಿದ್ರೆ ಒಳ್ಳೇದೇ. ಆದ್ರೆ ಗಾಡಿ ಅಷ್ಟೇ ಅವೆ, ಕೂರೋ ಜನ ಅಷ್ಟೇ ಅವ್ರೆ" ಅನ್ನುತ್ತಾನೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆಂದೇ, ಅಂದರೆ ಹೀಗೆ ಆ್ಯಪ್‌ಗಳ ಮೂಲಕ ದುಡಿಯುವವರಿಗೆಂದೇ, ಕಾನೂನು ತಂದು, ಪ್ರತಿ ಪಾವತಿಯ ಮೇಲೆ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಶುಲ್ಕ ಸಂಗ್ರಹಿಸಿ ಕಲ್ಯಾಣ ನಿಧಿ ಮಾಡಲು ದಾರಿ ಮಾಡಿತು. ಅಪಘಾತವಾದರೆ, ಕಾಯಿಲೆಯಾದರೆ ನೆರವಾಗಲಿ ಅನ್ನುವ ಉದ್ದೇಶ ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ:

"ನಂಗೆ ಸರಿ. ಗಾಡಿಗೇನಾದ್ರೂ ಕೊಟ್ಟಾರಾ?"

ನಗು ಬಂತು, ಆಮೇಲೆ ಅದು ಅಷ್ಟೇನೂ ತಮಾಷೆಯ ಪ್ರಶ್ನೆಯಲ್ಲ ಅನ್ನಿಸಿತು. ಅವನು ಮಲಗಿದರೆ ನಾಳೆ ಏಳಬಹುದು. ಗಾಡಿ ಮಲಗಿದರೆ ಏಳಿಸೋಕೆ ದುಡ್ಡು ಬೇಕು, ಆ ದುಡ್ಡು ಅದು ಎದ್ದರೇ ಬರುವುದು.

ಹಾಗಾದರೆ ಯಾಕೆ ಬಿಡಲಿಲ್ಲ ಅಂತ ಕೇಳಿದೆ. ಇಪ್ಪತ್ತೊಂದು ಸಾವಿರಕ್ಕೆ ಬಿಡದಿ, ಪೀಣ್ಯದ ಕಡೆ ಎಂಟು ಗಂಟೆಯ ಕೆಲಸ ಹುಡುಕಿದರೆ ಸಿಗುತ್ತಿತ್ತೇನೋ. ಯೋಚಿಸಿ ಹೇಳಿದ: ಮಗಳ ಸ್ಕೂಲಿನ ಮೀಟಿಂಗ್ ಇದ್ದರೆ ಯಾರ ಪರ್ಮಿಷನ್ನೂ ಬೇಡ, ಊರಲ್ಲಿ ಸಾವಾಯಿತು ಅಂದರೆ ಆಫ್ ಮಾಡಿ ಹೊರಟೆ. ದಿನಾ ಸಂಜೆ ಕೈಗೆ ದುಡ್ಡು ಬೀಳುತ್ತದೆ, ತಿಂಗಳು ಕಾಯೋದು ಬೇಡ. ಇನ್ನೊಂದು ಮಾತನ್ನು ನಿಧಾನಕ್ಕೆ ಹೇಳಿದ, "ಗಾಡಿ ಇದ್ರೆ ಊರಲ್ಲಿ ಒಂದ್ ಮರ್ಯಾದೆ ಮಗಾ." ಅರಳಿಕಟ್ಟೆ ನೆನಪಾಗಿ ಸುಮ್ಮನಾದೆ.

ಹೊಸ ಗಾಡಿ ತೆಗೆಯಲೋ ಬೇಡವೋ ಅಂತ ಅವನು ನನ್ನನ್ನು ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಸಾಲ ಇಲ್ಲದ ಗಾಡಿಯಲ್ಲೇ 804. ಹೊಸದರಲ್ಲಿ ಸಿಎನ್‌ಜಿಯಿಂದ ಇಂಧನ ಉಳಿಯುತ್ತದೆ, ರಿಪೇರಿ ಕಮ್ಮಿ, ಆದರೆ ತಿಂಗಳ ಐದನೇ ತಾರೀಕಿನ ಕಂತು ಮತ್ತೆ ಶುರುವಾಗುತ್ತದೆ. ರಿಟರ್ನ್ಸ್ ತುಂಬಿದೆ. ವಹಿವಾಟು 7 ಲಕ್ಷ 74 ಸಾವಿರದ ಹತ್ತಿರ, ಆದಾಯ ಎರಡೂವರೆ ಲಕ್ಷದ ಮೇಲೆ ಸ್ವಲ್ಪ. ತೆರಿಗೆ ಏನೂ ಬರಲಿಲ್ಲ. ಒಂದು ಕಾಪಿ ಪ್ರಿಂಟ್ ತೆಗೆದು ಕೊಟ್ಟೆ, ಮಡಚಿ ಅಂಗಿ ಜೇಬಿಗಿಟ್ಟುಕೊಂಡ.

ಏಳುವಾಗ ಡೈರಿ ತೆಗೆದುಕೊಂಡು ಆ ಪುಟ ಇನ್ನೊಮ್ಮೆ ನೋಡಿದ. ಎಡಗಡೆ ಅವನ ನೀಲಿ ಅಕ್ಷರ, ಎರಡು ಗೆರೆ ಎಳೆದ 1,480. ಬಲಗಡೆ ನನ್ನ ಕಪ್ಪು ಪೆನ್ನು.

"ನೀನ್ ಬರ್ದಿರೋ ಹಾಳೆ ಹರ್ಕೊಂಡ್ಬುಡು ಮಗಾ. ಇದನ್ನ ದಿನಾ ರಾತ್ರಿ ನಿಮ್ಮ ಚಿಕ್ಕಮ್ಮ ನೋಡ್ತಾಳೆ."

ಬೈಂಡಿಂಗು ಕಿತ್ತು ಬರದ ಹಾಗೆ ಸ್ಕೇಲು ಒತ್ತಿ ಹಿಡಿದು ಹರಿದುಕೊಂಡೆ. ಅವನು ಕೆಳಗಿಳಿದು ಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಒಂದು ಫೋನು ಕೂಗಿತು, ಮೇಲಿನವರೆಗೂ ಕೇಳಿಸಿತು. ಮನೆಗೆ ಹೋಗುವ ದಾರಿಯದೇ ಟ್ರಿಪ್ಪಿರಬೇಕು. ಎತ್ತಿಕೊಂಡ.